ಡ್ಯೂಕ್ ಎಂಬ ನಾಯಿಯ ಗೋರಿ

ಹಳೆಯ ಪಾದರಸದ ಗಣಿಯ ಬಯಲಲ್ಲಿ ಸರ್ಕಾರ ಮಾಡಿದ ಉದ್ಯಾನದ ಬಾಗಿಲಲ್ಲಿ ಒಂದು ಬಣ್ಣದ ಕರಪತ್ರ ಕೊಡುತ್ತಾರೆ. ಹನ್ನೊಂದು ಜಾಗಗಳ ನಕ್ಷೆ, ಪ್ರತಿಯೊಂದಕ್ಕೂ ಒಂದು ಪುಟ್ಟ ಚಿತ್ರ. ಮೊದಲನೆಯದು ಗಣಿಯ ಯಜಮಾನ ಹಾರ್ಲನ್ ಟ್ವೀಡಿಯ ಮನೆ: ಅವನು ಮಲಗಿದ ಮಂಚ, ಮೀಸೆ ಕತ್ತರಿಸಿಕೊಂಡ ಕನ್ನಡಿ, ಹೊಸ್ತಿಲ ಬಳಿ ಬೂಟಿನ ಸಗಣಿ ಕೆರೆದುಕೊಂಡ ಕಬ್ಬಿಣದ ಪಟ್ಟಿ. ಆ ಪಟ್ಟಿಗೆ ಗಾಜಿನ ಮುಚ್ಚಳ ಮಾಡಿಸಿದ್ದಾರೆ. ಎರಡನೆಯದು ಅವನ ದನದ ದೊಡ್ಡಿ. ಮೂರನೆಯದು ದನ ನೀರು ಕುಡಿದ ತೊಟ್ಟಿ. ಐದನೆಯದು ಪಾದರಸ ತೆಗೆಯುತ್ತಿದ್ದ ಕುಲುಮೆ. ಒಂಬತ್ತನೆಯದು ಅವನ ನಾಯಿಯ ಗೋರಿ. ಗಣಿಯಲ್ಲಿ ದುಡಿದವರ ಬಗ್ಗೆ ಇಡೀ ಕರಪತ್ರದಲ್ಲಿ ಒಂದೇ ವಾಕ್ಯವಿದೆ: 'ಗಡಿಯಾಚೆಯಿಂದ ಸುಮಾರು ಇನ್ನೂರು ಕೆಲಸಗಾರರು ಇಲ್ಲಿಗೆ ಬಂದು ಹೋದರು.'

ಬಂದು ಹೋದರು. ಮದುವೆಗೆ ಬಂದು ಉಂಡು ಎಲೆ ಎತ್ತಿಟ್ಟು ಹೋದ ಹಾಗೆ.

ಆ ಇನ್ನೂರರಲ್ಲಿ ಒಬ್ಬ ನನ್ನ ಅಜ್ಜ ಬಸಿಲಿಯೊ ದೂಕೆ. ಬಂದದ್ದು ನಿಜ, ಮೆಕ್ಸಿಕೊ ಕಡೆಯಿಂದ ಹೆಂಡತಿಯನ್ನೂ ಅವಳ ಕಂಕುಳಲ್ಲಿದ್ದ ಮಗಳನ್ನೂ ಒಂದು ಮೇಕೆಯನ್ನೂ ಹಗ್ಗ ಹಿಡಿಸಿ ನದಿ ದಾಟಿಸಿಕೊಂಡು ಟೆಕ್ಸಾಸಿಗೆ ಬಂದ. ಹೋದದ್ದು ಸುಳ್ಳು. ಕುಲುಮೆಯ ಹಿಂದೆ ಹೊಗೆ ತಣಿಯುವ ಇಟ್ಟಿಗೆಯ ಕೋಣೆಗಳಿದ್ದವು. ಅವುಗಳೊಳಗೆ ತೆವಳಿ ಹೋಗಿ ಗೋಡೆಗೆ ಅಂಟಿದ ಮಸಿಯನ್ನು ಕೆರೆದು ಪಾದರಸ ಇಳಿಸುವುದು ಅವನ ಕೆಲಸ. ಎರಡನೇ ವರ್ಷಕ್ಕೆ ಒಸಡು ಕೊಳೆತು ಹಲ್ಲು ಉದುರಿದವು. ಮೂರನೇ ವರ್ಷಕ್ಕೆ ಕೈ ನಡುಗಿ ಚಮಚೆಯ ಹುರುಳಿ ಬಾಯಿ ಮುಟ್ಟುವ ಮೊದಲೇ ಅಂಗಿಯ ಮೇಲೆ ಚೆಲ್ಲುತ್ತಿತ್ತು. ಕುಡಿದಿದ್ದಾನೆ ಅಂತ ಕಂಪನಿಯ ಡಾಕ್ಟರು ಬರೆದ. ನಾಲ್ಕನೇ ವರ್ಷ ಸತ್ತ. ಅವನು ಅಲ್ಲೇ ಇದ್ದಾನೆ, ಆ ಬಯಲಿನ ಮಣ್ಣಿನೊಳಗೆ. ಎಲ್ಲಿ ಅನ್ನುವುದೊಂದು ನಮಗೆ ಗೊತ್ತಿರಲಿಲ್ಲ.

ನಾನು ಶಾಲೆಯ ಬಸ್ಸು ಓಡಿಸುವವಳು. ವರ್ಷಕ್ಕೊಮ್ಮೆ ಐದನೇ ತರಗತಿಯ ಮಕ್ಕಳನ್ನು ತುಂಬಿಕೊಂಡು ಮೂರು ಗಂಟೆಯ ದಾರಿ ಈ ಉದ್ಯಾನಕ್ಕೆ ಬರುತ್ತೇನೆ. ಮಕ್ಕಳಿಗೆ ಕುಲುಮೆ ಬೇಡ, ದೊಡ್ಡಿ ಬೇಡ. ನಾಯಿಯ ಗೋರಿ ಬೇಕು. ಸುತ್ತ ಬಿಳಿ ಬಣ್ಣದ ಬೇಲಿ, ನಡುವೆ ಸಿಮೆಂಟಿನಲ್ಲಿ ನೆಟ್ಟ ಒಂದು ಕಬ್ಬಿಣದ ಕುಪ್ಪಿ. ಪಾದರಸ ತುಂಬಿ ಕಳಿಸುತ್ತಿದ್ದದ್ದು ಅಂಥ ಕುಪ್ಪಿಗಳಲ್ಲೇ. ಕುಪ್ಪಿಯ ಕತ್ತಿಗೆ ತಂತಿಯಲ್ಲಿ ಬಿಗಿದ ತುಕ್ಕು ಹಿಡಿದ ಒಂದು ತಗಡು. ಪಕ್ಕದಲ್ಲಿ ಉದ್ಯಾನದವರ ಹೊಳೆಯುವ ಫಲಕ: 'ಡ್ಯೂಕ್. ಟ್ವೀಡಿ ಕುಟುಂಬದ ನಂಬಿಕೆಯ ಗೆಳೆಯ. ತೊಟ್ಟಿಲ ಮಗುವನ್ನು ಹಾವಿನಿಂದ ಕಾಪಾಡಿ ಪ್ರಾಣ ಬಿಟ್ಟ.' ಜನ ಅಲ್ಲಿ ನಾಯಿಬಿಸ್ಕತ್ತು, ಟೆನಿಸ್ ಚೆಂಡು ಇಟ್ಟು ಹೋಗುತ್ತಾರೆ. ಕೆಲವರು ಅಳುತ್ತಾರೆ ಕೂಡ. ಮಕ್ಕಳು ಬಸ್ಸು ಹತ್ತಿದ ಮೇಲೆ ನಾನೊಬ್ಬಳೇ ಹಿಂದೆ ಉಳಿದು ಆ ಗೋರಿಗೆ ಎರಡು ಸಲ ಉಗುಳಿದ್ದೇನೆ. ಒಂದು ಸಲ ಹೋದ ವರ್ಷ, ಒಂದು ಸಲ ಅದರ ಹಿಂದಿನ ವರ್ಷ.

ಈ ಜನವರಿಯಲ್ಲಿ ಉದ್ಯಾನದಿಂದ ನನ್ನ ಅತ್ತೆಗೆ ಒಂದು ಕಾಗದ ಬಂತು. ಅತ್ತೆ ಯುಫೇಮಿಯಾ ನನ್ನ ಅಪ್ಪನ ಅಕ್ಕ, ಎಪ್ಪತ್ತಾರು ವರ್ಷ. ಅಜ್ಜ ಸತ್ತಾಗ ಅವಳಿಗೆ ಆರು. ನನ್ನಪ್ಪ ಇನ್ನೂ ಹೊಟ್ಟೆಯಲ್ಲಿದ್ದ. ಗಣಿಯ ಕಾಲದ ನೆನಪಿರುವವರಲ್ಲಿ ಉಳಿದವಳು ಅವಳೊಬ್ಬಳೇ. ಕಾಗದದ ಭಾಷೆ ಬೆಣ್ಣೆ ಸವರಿದ ಹಾಗಿತ್ತು. ಬಯಲಿನಲ್ಲಿ ಕಾರು ನಿಲ್ಲಿಸುವ ದೊಡ್ಡ ಜಾಗ ಮಾಡುತ್ತಾರಂತೆ, ಪಕ್ಕದಲ್ಲಿ ಕಕ್ಕಸು. ಅಲ್ಲಿ ಮನುಷ್ಯರ ಸಮಾಧಿಗಳಿದ್ದುದಕ್ಕೆ ಯಾವ ಪುರಾವೆಯೂ ಇಲ್ಲವಂತೆ. ಯಾರಿಗಾದರೂ ಗೊತ್ತಿದ್ದರೆ ಮಾರ್ಚ್ ಕೊನೆಯೊಳಗೆ ಜಾಗ ತೋರಿಸಬೇಕು, ಬರಹದಲ್ಲಿರುವ ದಾಖಲೆ ಕೊಡಬೇಕು. ಜೊತೆಗೊಂದು ನಕ್ಷೆ. ಕಾರಿನ ಜಾಗದ ಗೆರೆ ನೇರವಾಗಿ ಬಂದು, ಒಂದು ಕಡೆ ಮರ್ಯಾದೆಯಿಂದ ಬಾಗಿ, ಮತ್ತೆ ನೇರವಾಗಿತ್ತು. ಬಾಗಿದ ಜಾಗದಲ್ಲಿ ನಾಯಿಯ ಗೋರಿ.

"ನೋಡು ತಿಯಾ," ಎಂದೆ. ಅತ್ತೆಯನ್ನು ನಾವು ತಿಯಾ ಎಂದೇ ಕರೆಯುವುದು. "ನಾಯಿಗೆ ತೊಂದ್ರೆ ಆಗ್ಬಾರ್ದು ಅಂತ ಗೆರೇನೇ ಬಗ್ಗಿಸಿದಾರೆ."

"ಬಗ್ಗಿಸ್ಲಿ ಬಿಡು ಮಿಹಾ. ನಾಯಿ ಯಾರಿಗೂ ಕೂಲಿ ಕಡಿಮೆ ಕೊಟ್ಟಿರ್ಲಿಲ್ಲ," ಎಂದಳು ಅತ್ತೆ. ಅವಳಿಗೆ ನಾನು ಮಿಹಾ, ಅಂದರೆ ಮಗಳು.

ಅತ್ತೆ ಐವತ್ತು ವರ್ಷದಿಂದ ಉದ್ಯಾನದೊಳಗೆ ಕಾಲಿಟ್ಟಿರಲಿಲ್ಲ. ಟ್ವೀಡಿಯ ಮಕ್ಕಳು ಜಮೀನನ್ನು ಸರ್ಕಾರಕ್ಕೆ ಮಾರಿದ ವರ್ಷ ಒಮ್ಮೆ ಹೋಗಿದ್ದಳಂತೆ. ಬಾಗಿಲಲ್ಲಿ ಟಿಕೆಟ್ ಕೇಳಿದರು. 'ನಮ್ಮಪ್ಪನ್ನ ನೋಡೋಕೆ ಟಿಕೆಟ್ಟಾ?' ಅಂತ ಗಾಡಿ ತಿರುಗಿಸಿಕೊಂಡು ಬಂದವಳು ಮತ್ತೆ ಹೋಗಲಿಲ್ಲ. ಅಷ್ಟರಲ್ಲಿ ಮರದ ಶಿಲುಬೆಗಳನ್ನು ಟ್ವೀಡಿಯ ದನ ಕೆಡವಿದ್ದವು, ದನ ಬಿಟ್ಟಿದ್ದನ್ನು ಉದ್ಯಾನದವರು ಕಸ ಅಂತ ಗುಡಿಸಿದ್ದರು. ಈ ಸಲ ಮಾತ್ರ 'ಜಾಗ ತೋರಿಸಲು ಬರುವವರಿಗೆ ಪ್ರವೇಶ ಉಚಿತ' ಅಂತ ಕಾಗದದ ಕೊನೆಯಲ್ಲಿತ್ತು. ಏನು ಔದಾರ್ಯ!

ಅತ್ತೆಗೆ ಜಾಗ ಗೊತ್ತಿರಲಿಲ್ಲ, ದಾರಿ ಗೊತ್ತಿತ್ತು. ನಮ್ಮ ಕಡೆ ಹೆಣ ಹೊತ್ತವರು ಹೆಗಲು ಸೋತಲ್ಲಿ ಪೆಟ್ಟಿಗೆ ಇಳಿಸುತ್ತಾರೆ. ಇಳಿಸಿದ ಜಾಗದಲ್ಲಿ ಜೊತೆಗೆ ಬಂದವರೆಲ್ಲ ಒಂದೊಂದು ಕಲ್ಲಿಟ್ಟು ಗುಡ್ಡೆ ಮಾಡುತ್ತಾರೆ. ಅದಕ್ಕೆ ದೆಸ್ಕಾನ್ಸೊ ಅನ್ನುತ್ತೇವೆ, ದಣಿವಾರಿಸಿಕೊಂಡ ಜಾಗ. ಆಮೇಲೆ ಆ ದಾರಿಯಲ್ಲಿ ಹೋಗುವವರು ಒಂದು ಕಲ್ಲು ಸೇರಿಸಿ ಹೋಗಬೇಕು.

"ಅಪ್ಪಂಗೆ ಮೂರು ದೆಸ್ಕಾನ್ಸೊ," ಎಂದಳು ಅತ್ತೆ. "ದಪ್ಪಗಿದ್ದ ದೊನ್ ಕ್ರಿಸ್ಪಿನ್‌ಗೆ ಏಳು ಆಗಿತ್ತು, ಹೊತ್ತವರು ಬೈಕೊಂಡೇ ಹೋದ್ರು. ಅಪ್ಪನ ಮೈಮೇಲೆ ಏನಿತ್ತು? ಪೆಟ್ಟಿಗೆನೂ ಸೇರಿ ಎರಡು ಕುಪ್ಪಿ ತೂಕ ಅಂದಿದ್ರು ಕೊಂಪಾದ್ರೆ ನಿಕಾನೋರ್. ಮೂರ್ನೇ ಸಲ ಇಳಿಸಿ ಎತ್ತಿದ್ಮೇಲೆ ಅಮ್ಮ ಜಪಸರದಲ್ಲಿ ಹತ್ತು ಮಣಿ ಜಪ ಮುಗಿಸಿದ್ಲು. ಹತ್ತನೇ ನಮೋ ಮರಿಯಾಕ್ಕೆ ಗುಂಡಿ ಬಂತು."

ನಿಕಾನೋರ್ ಅಂದರೆ ನನ್ನಪ್ಪನಿಗೆ ಜ್ಞಾನಸ್ನಾನದ ತಂದೆಯಾಗಬೇಕೆಂದು ಹುಟ್ಟುವ ಮೊದಲೇ ಗೊತ್ತುಮಾಡಿದ್ದವನು, ಅದಕ್ಕೇ ಕೊಂಪಾದ್ರೆ, ಅಜ್ಜನ ಜೊತೆ ಅದೇ ಕೋಣೆಗಳಲ್ಲಿ ಮಸಿ ಕೆರೆದವನು. ಗೋರಿಯ ಮೇಲಿನ ಗುರುತು ಮಾಡಿದವನೂ ಅವನೇ.

"ಅವ್ರಿಗೆ ಓದು ಬರ್ತಿರ್ಲಿಲ್ಲ. ಕ್ಯಾಂಪಲ್ಲಿ ಶಾಲೆಗೆ ಹೋಗ್ತಿದ್ದವಳು ನಾನೊಬ್ಬಳೇ. ನಾನು ಅಕ್ಷರ ಹೇಳ್ದೆ, ಅವ್ರು ಮೊಳೆ ಹೊಡೆದ್ರು," ಎಂದಳು ಅತ್ತೆ. ಎಪ್ಪತ್ತು ವರ್ಷದ ಹಿಂದಿನ ಹೆಮ್ಮೆ ಮುಖದ ಮೇಲೆ ಹಾಗೇ ಇತ್ತು.

ಹಾಗಾದರೆ ಕಲ್ಲಿನ ಗುಡ್ಡೆ ಹುಡುಕಿದರಾಯಿತು ಅಂದುಕೊಂಡೆವು. ಆಗ ಉದ್ಯಾನದ ಸ್ವಯಂಸೇವಕರ ಪತ್ರಿಕೆ ನನ್ನ ಕೈಗೆ ಸಿಕ್ಕಿತು. ನಿವೃತ್ತಿಯಾಗಿ, ಮನೆಯಷ್ಟು ದೊಡ್ಡ ಗಾಡಿಯಲ್ಲಿ ಚಳಿಗಾಲ ಕಳೆಯಲು ಬರುವ ಜನ ಅವರು. ಹಳದಿ ಅಂಗಿ ತೊಟ್ಟ ಒಂಬತ್ತು ಮಂದಿ ಹಲ್ಲು ಕಿರಿಯುವ ಫೋಟೊ. ಕೆಳಗೆ ಬರಹ: 'ಈ ಚಳಿಗಾಲ ನಮ್ಮ ಗೆಳೆಯರು ಬಯಲಿನಲ್ಲಿ ಅರವತ್ತಕ್ಕೂ ಹೆಚ್ಚು ಅನಧಿಕೃತ ಕಲ್ಲುಗುಡ್ಡೆಗಳನ್ನು ಕೆಡವಿ ಪ್ರಕೃತಿಯನ್ನು ಮೊದಲಿನಂತೆ ಮಾಡಿದರು.' ಚಾರಣಿಗರು ದಾರಿ ತಪ್ಪಬಾರದಂತೆ. ಹೆಣ ಹೊತ್ತವರ ದಾರಿಯನ್ನು ಅಳಿಸಿ, ಕಾಲಿಗೆ ಮುನ್ನೂರು ಡಾಲರಿನ ಬೂಟು ಹಾಕಿದವರ ದಾರಿ ಉಳಿಸಿದರು.

ನಾನು ಫೋನಿನಲ್ಲಿ ಕೂಗಾಡಿದೆ. ಆ ಕಡೆಯವನು 'ನಿಮ್ಮ ಭಾವನೆ ನಮಗೆ ಅರ್ಥವಾಗುತ್ತದೆ' ಅಂದ. ಅವರಿಗೆ ಯಾವಾಗಲೂ ಅರ್ಥವಾಗುತ್ತದೆ. ಅರ್ಥವಾಗದ ಒಬ್ಬನನ್ನಾದರೂ ಅಲ್ಲಿ ಕೆಲಸಕ್ಕಿಟ್ಟುಕೊಂಡಿದ್ದರೆ ವಿವರಿಸಬಹುದಿತ್ತು.

ಉಪಾಯ ಹೇಳಿದ್ದು ಅತ್ತೆಯೇ. "ಕಲ್ಲು ಕೆಡವಿದ್ರೆ ಏನಾಯ್ತು? ಹೆಗಲು ಇದೆಯಲ್ಲ. ಎರಡು ಕುಪ್ಪಿ ತೂಕ ಹೊತ್ಕೊಳ್ಳಿ. ಎಲ್ಲಿ ಸೋಲುತ್ತೋ ಅಲ್ಲಿ ಇಳಿಸಿ."

ಮಾರ್ಚ್ ಮೂರನೇ ಶನಿವಾರ ಬೆಳಿಗ್ಗೆ ಎಂಟಕ್ಕೆ ಕುಲುಮೆಯ ಮುಂದೆ ನಿಂತೆವು. ಹೆಗಲು ಕೊಡುವವರು ನಾಲ್ವರು: ಅತ್ತೆಯ ಮಗ ಚೇಮಾ, ಅವನ ಹೆಂಡತಿ ದೆಲ್ಫೀನಾ, ದೆಲ್ಫೀನಾಳ ತಮ್ಮ ಲಾಲೊ, ನಾನು. ಹೆಣದ ಬದಲು ಲಾಲೊನ ದೊಡ್ಡ ಐಸ್ ಪೆಟ್ಟಿಗೆ. ಹಿಂದಿನ ದಿನ ಮನೆಯ ತಕ್ಕಡಿಯ ಮೇಲಿಟ್ಟು, ಐಸು, ನೀರಿನ ಬಾಟಲಿ, ಬಿಯರು ತುಂಬುತ್ತ, ಪಾದರಸ ತುಂಬಿದ ಎರಡು ಕುಪ್ಪಿಯಷ್ಟು, ಸುಮಾರು ಎಂಬತ್ತು ಕಿಲೋ, ತೂಕ ಸರಿ ಮಾಡಿದ್ದೆವು. ಅದನ್ನು ಮರದ ಏಣಿಗೆ ಕಟ್ಟಿದೆವು. ಆಗಿನವರೂ ಪೆಟ್ಟಿಗೆಯನ್ನು ಗಣಿಯ ಏಣಿಯ ಮೇಲಿಟ್ಟೇ ಹೊತ್ತಿದ್ದರಂತೆ.

"ಅಜ್ಜ ಬಿಯರ್ ಆಗಿಬಿಟ್ರು," ಎಂದ ಲಾಲೊ.

"ಬಾಯ್ಮುಚ್ಚು. ನಿನ್ನ ಹೆಣ ಹೊತ್ತಾಗ ಬರೀ ಬಾಟ್ಲಿನೇ ಸದ್ದು ಮಾಡೋದು," ಎಂದಳು ದೆಲ್ಫೀನಾ.

ಉದ್ಯಾನದ ಕಡೆಯಿಂದ ಬಂದವನು ಪ್ರೂಯಿಟ್ ಎಂಬ ರೇಂಜರು. ಮೂವತ್ತು ದಾಟಿರದ, ಅಗಲ ಅಂಚಿನ ಟೋಪಿಯ, ಸೋಪಿನಷ್ಟು ಶುಭ್ರವಾದ ಮನುಷ್ಯ. ಏಣಿಯನ್ನು ನೋಡಿ ಅವನ ಹುಬ್ಬು ಕುಣಿಯಿತು.

"ಇದು ಮೆರವಣಿಗೆ ಅಲ್ಲ ತಾನೇ? ಮೆರವಣಿಗೆಗೆ ಬೇರೆ ಅನುಮತಿ ಬೇಕಾಗುತ್ತೆ."

"ಊಟದ ಪೆಟ್ಟಿಗೆ ಸರ್," ಎಂದ ಚೇಮಾ. "ನಮ್ಮಲ್ಲಿ ಊಟ ಅಂದ್ರೆ ಹೀಗೇ. ನಾಲ್ಕು ಜನ ಹೊರ್ತೀವಿ, ಒಬ್ರು ಹಿಂದೆ ಜಪ ಮಾಡ್ತಾ ಬರ್ತಾರೆ."

ಪ್ರೂಯಿಟ್ ನಗಬೇಕೋ ಬೇಡವೋ ತಿಳಿಯದೆ ಪುಸ್ತಕದಲ್ಲಿ ಏನೋ ಬರೆದುಕೊಂಡ. ಅವನ ಕೈಯಲ್ಲಿ ಅಂಕೆ ಹಾಕಿದ ನಮೂನೆಗಳ ಒಂದು ಕಟ್ಟು ಸದಾ ಇರುತ್ತಿತ್ತು. ಸೊಂಟದಲ್ಲಿ ಬಂದೂಕು, ಜಾಗದ ಅಂಕೆ ತೋರಿಸುವ ಜಿಪಿಎಸ್ ಯಂತ್ರ ಇದ್ದರೂ ಅವನು ಭರವಸೆ ಇಟ್ಟಿದ್ದು ಆ ಕಟ್ಟಿನ ಮೇಲೆ.

ಎತ್ತಿದೆವು. ಅತ್ತೆ ಕುಲುಮೆಯ ಬುಡದಿಂದ ಸುಟ್ಟ ಅದಿರಿನ ಒಂದು ಕೆಂಪು ಕಲ್ಲು ಆರಿಸಿ ಕೈಯಲ್ಲಿಟ್ಟುಕೊಂಡಳು. "ಇಲ್ಲಿಂದಾನೇ ತಗೊಂಡು ಹೋಗ್ತಿದ್ದಿದ್ದು, ಎಲ್ರೂ. ಜೇಬಲ್ಲಿ ಹಾಕ್ಕೊಂಡು."

ಆಗ ನನಗೆ ಹೊಳೆಯಿತು. ಬಯಲಿನ ಕಲ್ಲೆಲ್ಲ ಸುಣ್ಣದಂತೆ ಬೆಳ್ಳಗೆ. ಕೆಂಪು ಕಲ್ಲು ತಾನಾಗಿ ಅಲ್ಲಿಗೆ ನಡೆದು ಹೋಗುವುದಿಲ್ಲ. ಹಳದಿ ಅಂಗಿಯವರು ಗುಡ್ಡೆ ಕೆಡವಿದ್ದರು, ಸರಿ. ಕೆಡವಿದ ಕಲ್ಲನ್ನು ಹೊತ್ತು ವಾಪಸು ತರುವಷ್ಟು ಪ್ರಕೃತಿಪ್ರೇಮ ಅವರ ಬೆನ್ನಿಗಿರಲಿಲ್ಲ.

ಮುನ್ನೂರು ಹೆಜ್ಜೆ ಹೋಗುವಷ್ಟರಲ್ಲಿ ನನ್ನ ಹೆಗಲು ಉರಿಯತೊಡಗಿತು. ಒಣಹಳ್ಳದ ತಿರುವಿನಲ್ಲಿ ಚೇಮಾ "ಇಳ್ಸಿ, ಇಳ್ಸಿ" ಅಂದ. ಏಣಿ ನೆಲ ಮುಟ್ಟಿತು. ಸುತ್ತ ಹುಡುಕಿದೆವು. ಒಂದು ಮೆಸ್ಕೀಟ್ ಮುಳ್ಳುಪೊದೆಯ ಕೆಳಗೆ ಐದು ಕೆಂಪು ಕಲ್ಲು, ಆಚೆ ಮೂರು, ಹಳ್ಳದೊಳಗೆ ಉರುಳಿದ ಇನ್ನೊಂದಷ್ಟು.

"ಪ್ರಕೃತಿ," ಎಂದು ಲಾಲೊ ಪ್ರೂಯಿಟ್‌ಗೆ ತೋರಿಸಿದ.

ಪ್ರೂಯಿಟ್ ಬಗ್ಗಿ ನೋಡಿ, "ಮಳೆನೀರಿನಲ್ಲಿ ಕೊಚ್ಚಿ ಬಂದಿರಬಹುದು," ಎಂದ.

"ಕುಲುಮೆ ಕೆಳಗಿದೆ, ನಾವು ಮೇಲಿದೀವಿ," ಎಂದಳು ಅತ್ತೆ. "ನಿಮ್ಮ ಉದ್ಯಾನದಲ್ಲಿ ನೀರು ಮೇಲಕ್ಕೆ ಹರಿಯುತ್ತಾ ಮಗು?"

ಅವನು ಅದನ್ನು ಬರೆದುಕೊಳ್ಳಲಿಲ್ಲ.

ಎರಡನೇ ಸಲ ಇಳಿಸಿದ್ದು ಒಂದು ದೊಡ್ಡ ಬಂಡೆಯ ಪಕ್ಕ. ಬಂಡೆಯ ನೆತ್ತಿ ಕುದುರೆಯ ಜೀನಿನ ಹಾಗೆ ಸವೆದಿತ್ತು. ಅತ್ತೆ ಹೋಗಿ ಅದರ ಮೇಲೆ ಕೂತಳು. ಕಾಲು ನೆಲ ಮುಟ್ಟುತ್ತಿದ್ದುದನ್ನು ನೋಡಿಕೊಂಡಳು.

"ಆಗ ಮುಟ್ತಿರ್ಲಿಲ್ಲ," ಎಂದಳು. "ನಿಕಾನೋರ್ ಹೆಂಡ್ತಿ ಎತ್ತಿ ಇದ್ರ ಮೇಲೆ ಕೂರ್ಸಿದ್ಲು. ಒಂದು ಕಿತ್ತಳೆಹಣ್ಣು ಕೊಟ್ಲು. ನಂಗೆ ಖುಷಿಯಾಯ್ತು ಮಿಹಾ. ಅಪ್ಪ ಪಕ್ಕದಲ್ಲೇ ಸತ್ತು ಮಲಗಿದ್ರು, ನಂಗೆ ಕಿತ್ತಳೆ ಸಿಕ್ತು ಅಂತ ಖುಷಿ."

ನಾವು ನಾಲ್ವರೂ ನೀರು ಕುಡಿದೆವು. ಕುಡಿದ ಬಾಟಲಿಯನ್ನು ಮತ್ತೆ ತುಂಬಿಸಿ ಪೆಟ್ಟಿಗೆಯಲ್ಲಿಡಬೇಕು, ತೂಕ ಕಡಿಮೆಯಾದರೆ ಮೋಸವಾಗುತ್ತದೆ ಅಂತ ಚೇಮಾ ಹಟ ಹಿಡಿದ. ತುಂಬಲು ನೀರೆಲ್ಲಿದೆ? ಕೊನೆಗೆ ಖಾಲಿ ಬಾಟಲಿಗಳಿಗೆ ಮರಳು ತುಂಬಿದೆವು. ಪ್ರೂಯಿಟ್, ಉದ್ಯಾನದ ಮರಳನ್ನು ಹೊರಗೆ ಒಯ್ಯುವಂತಿಲ್ಲ ಅಂತ ನೆನಪಿಸಿದ.

ಮೂರನೆಯದಕ್ಕೆ ಬಯಲಿನ ಅಂಚು ಬಂತು. ಅಲ್ಲಿ ಕೆಂಪು ಕಲ್ಲು ಬೇಕಾದಷ್ಟಿತ್ತು. ಬೇರೆ ಬೇರೆ ಹೆಣಗಳ ದಣಿವು ಅಲ್ಲಿ ಸೇರಿತ್ತೋ ಏನೋ. ಅತ್ತೆ ಜಪಸರ ತೆಗೆದಳು. ಏಣಿ ಎತ್ತಿದೆವು. ಅವಳು ಮುಂದೆ, ನಾವು ಹಿಂದೆ. ಕಣ್ಣು ನೆಲದ ಮೇಲಿಟ್ಟು, ತನ್ನಮ್ಮನ ವೇಗ ಎಷ್ಟಿತ್ತು ಅನ್ನುವುದನ್ನು ಕಾಲಲ್ಲೇ ಹುಡುಕುತ್ತ, ನಮೋ ಮರಿಯಾ ಹೇಳುತ್ತ ನಡೆದಳು. ನಾನು ಮಣಿ ಎಣಿಸುತ್ತಿದ್ದೆ. ಏಳು. ಎಂಟು. ಮುಂದೆ ಬಿಳಿ ಬೇಲಿ ಕಾಣುತ್ತಿತ್ತು. ದಿಕ್ಕು ಬದಲಿಸಲಿ ದೇವರೇ ಅಂದುಕೊಂಡೆ. ಒಂಬತ್ತು. ಹತ್ತನೆಯದಕ್ಕೆ 'ಆಮೆನ್' ಅಂದಾಗ ಅತ್ತೆಯ ಹೊಟ್ಟೆ ನಾಯಿಯ ಬೇಲಿಗೆ ತಾಗಿತು.

ಲಾಲೊ ಮೆಲ್ಲಗೆ ಹಲ್ಲು ಕಚ್ಚಿ ಬೈದ. ಏಣಿ ಇಳಿಸಿದೆವು. ನಾನು ಅತ್ತೆಯ ಮುಖ ನೋಡಲಿಲ್ಲ.

ಬೇಲಿಯ ಬಳಿ ಒಬ್ಬ ಹೆಂಗಸು ಮೊದಲೇ ನಿಂತಿದ್ದಳು. ಹಳದಿ ಅಂಗಿ. ಕೈಯಲ್ಲಿ ನಾಯಿಬಿಸ್ಕತ್ತಿನ ಪೊಟ್ಟಣ. ನಮ್ಮನ್ನು ನೋಡಿ ಅವಳ ಮುಖ ಅರಳಿತು. "ನೀವೂ ಡ್ಯೂಕ್‌ನ ನೋಡೋಕೆ ಬಂದ್ರಾ? ಎಷ್ಟು ಒಳ್ಳೇ ಜನ ನೀವು! ನಾನು ಪ್ರತಿ ಶನಿವಾರ ಬರ್ತೀನಿ. ಬೇಲಿಗೆ ಬಣ್ಣ ಹೊಡೆದವಳು ನಾನೇ."

"ದಾರಿ ತಪ್ಪಿದ್ವಿ ತಿಯಾ," ಎಂದೆ ನಾನು. "ಇದು ಆ ನಾಯಿದು. ಇನ್ನೊಂದ್ಸಲ ಬಂಡೆಯಿಂದ ಶುರು ಮಾಡೋಣ."

ಅತ್ತೆ ಕನ್ನಡಕ ಹಾಕಿಕೊಂಡು ಬೇಲಿಯ ಪುಟ್ಟ ಗೇಟು ತೆರೆದು ಒಳಗೆ ಹೋದಳು.

"ಮೇಡಂ, ಒಳಗೆ ಹೋಗುವ ಹಾಗಿಲ್ಲ," ಎಂದ ಪ್ರೂಯಿಟ್. ಆಮೇಲೆ ಮುದುಕಿಗೆ ನಿರಾಸೆಯಾಗಿದೆ ಅನ್ನಿಸಿರಬೇಕು, ದನಿ ಮೆದು ಮಾಡಿ, ಮಕ್ಕಳಿಗೆ ಹೇಳುವ ಕತೆಯನ್ನು ಅವಳಿಗೂ ಹೇಳಿದ: ಟ್ವೀಡಿಯ ಮಗು, ತೊಟ್ಟಿಲು, ಹಾವು, ನಾಯಿ. ಟ್ವೀಡಿಯ ಮರಿಮೊಮ್ಮಗಳು ಈ ಗುರುತನ್ನು ನೋಡಿ ಹೇಳಿದ್ದಂತೆ, ಮನೆತನದಲ್ಲಿ ಹಾಗೊಂದು ನಾಯಿ ಇದ್ದಿರಲೇಬೇಕು ಅಂತ.

"ಟ್ವೀಡಿಗೆ ನಾಯಿ ಇರ್ಲಿಲ್ಲ," ಎಂದಳು ಅತ್ತೆ, ಮಂಡಿಯೂರಿ ಕೂರುತ್ತ. "ನಾಯಿ ಹತ್ರ ಬಂದ್ರೆ ಅವ್ನಿಗೆ ಸೀನು ಹತ್ಕೊಳ್ಳೋದು. ಕಣ್ಣೆಲ್ಲಾ ಊದ್ಕೊಳ್ಳೋದು. ಕ್ಯಾಂಪಲ್ಲಿ ಯಾರೂ ನಾಯಿ ಸಾಕ್ಬಾರ್ದು ಅಂತ ಹುಕುಂ ಇತ್ತು. ನಮ್ಮ ಮನೆ ನಾಯಿಮರೀನ ಅವ್ನ ಮೇಸ್ತ್ರಿ ಗುಂಡು ಹೊಡೆದು ಸಾಯ್ಸಿದ."

ಹಳದಿ ಅಂಗಿಯವಳು ಪೊಟ್ಟಣವನ್ನು ಎದೆಗೆ ಒತ್ತಿಕೊಂಡಳು.

ಅತ್ತೆ ಕುಪ್ಪಿಯ ಕತ್ತಿನ ತಗಡನ್ನು ಎರಡು ಕೈಯಲ್ಲಿ ಹಿಡಿದಿದ್ದಳು. ಹೆಬ್ಬೆರಳು ಮೊಳೆಯ ತೂತುಗಳ ಮೇಲೆ ಹರಿದಾಡುತ್ತಿತ್ತು. ನಾಲ್ಕೇ ಅಕ್ಷರ. ಡಿ, ಯು, ಕೆ, ಇ. ನಾನು ಅದನ್ನು ಎಷ್ಟೋ ಸಲ ಓದಿದ್ದೆ. ಓದಿದ್ದೆ ಅನ್ನುವುದು ಸುಳ್ಳು. ಪಕ್ಕದ ಹೊಳೆಯುವ ಫಲಕ ಓದಿದ ಮೇಲೆ ಈ ತಗಡನ್ನು ಓದುವ ಕಷ್ಟ ಯಾರು ಪಡುತ್ತಾರೆ?

"ಹಂದಿಕೊಬ್ಬಿನ ಡಬ್ಬಿ ಮುಚ್ಚಳ," ಎಂದಳು ಅತ್ತೆ. "ನಮ್ಮನೇದೇ."

ಅವಳು ತಗಡನ್ನು ಬೆಳಕಿಗೆ ತಿರುಗಿಸಿದಳು.

"ಶಾಲೇಲಿ ಟೀಚರಮ್ಮಂಗೆ ನಮ್ಮ ಹೆಸ್ರು ಬರೆಯೋಕೆ ಬರ್ತಿರ್ಲಿಲ್ಲ. ದೂಕೆ, ದೂಕೆ ಅಂತ ನಾನು ಹೇಳ್ದಾಗೆಲ್ಲಾ ಅವ್ಳು 'ಡ್ಯೂಕ್' ಅನ್ನೋಳು. ಯುಫೇಮಿಯಾ ಅನ್ನೋಕೂ ಬೇಜಾರು. ಹಲಗೆ ಮೇಲೆ ಎಫಿ ಡ್ಯೂಕ್ ಅಂತ ಬರೆದು, ಇದೇ ನಿನ್ನ ಹೆಸ್ರು, ನೂರು ಸಲ ಬರಿ ಅಂದ್ಲು. ಬರೆದೆ. ಚೆನ್ನಾಗಿ ಕಲಿತೆ." ಅವಳ ಹೆಬ್ಬೆರಳು ಕೆಯ ಮೇಲೆ ನಿಂತಿತು. "ನಿಕಾನೋರ್ ಮೊಳೆ ಹಿಡ್ಕೊಂಡು ಕೇಳಿದ್ರು, ಹೇಳಮ್ಮಾ, ಹೇಗೆ ಬರೆಯೋದು ನಿಮ್ಮ ಹೆಸ್ರು, ನೀನು ಓದಿದವಳು ಅಂತ. ನಾನು ಹೇಳ್ದೆ. ಟೀಚರಮ್ಮ ಹೇಳ್ಕೊಟ್ಟ ಹಾಗೇ ಹೇಳ್ದೆ."

ನಮ್ಮ ಹೆಸರಿನ ನಡುವೆ ಇರುವುದು ಕ್ಯೂ ಮತ್ತು ಯು. ಕೆ ಅಲ್ಲ. ಸ್ಪ್ಯಾನಿಷ್ ಬಲ್ಲ ಯಾವ ಮಗುವಿಗೂ ಅದು ಗೊತ್ತು. ಸ್ಪ್ಯಾನಿಷ್ ಆಡಿದರೆ ಬೆರಳಿನ ಗೆಣ್ಣಿಗೆ ಬೆತ್ತ ಬೀಳುತ್ತಿದ್ದ ಶಾಲೆಯಲ್ಲಿ ಮೊದಲ ದರ್ಜೆ ಪಡೆದ ಮಗುವಿಗೆ ಮಾತ್ರ ಗೊತ್ತಿರಲಿಲ್ಲ. ಆ ನಾಲ್ಕು ಅಕ್ಷರವನ್ನು ನೋಡಿ ಸರ್ಕಾರದ ವಿದ್ಯಾವಂತರು ಒಂದು ನಾಯಿಯನ್ನು ಹುಟ್ಟಿಸಿದರು. ಅದಕ್ಕೊಂದು ಹಾವು, ಒಂದು ತೊಟ್ಟಿಲು, ಒಂದು ಪುಣ್ಯಕತೆ ಕೊಟ್ಟರು. ಮನುಷ್ಯ ಇರಬಹುದು ಅಂತ ಒಬ್ಬನಿಗೂ ಅನ್ನಿಸಲಿಲ್ಲ. ಮತ್ತೆ ನಾನು, ಅದೇ ಹೆಸರಿನವಳು, ಸಂಬಳದ ಚೀಟಿಯ ಮೇಲೆ ದೂಕೆ ಅಂತ ತಿಂಗಳಿಗೆರಡು ಸಲ ಓದುವವಳು, ಬಂದು ಉಗುಳಿ ಹೋದೆ.

ಬೇಲಿ ದಾಟಿ ಒಳಗೆ ಹೋದೆ. ಬಿಸ್ಕತ್ತುಗಳನ್ನೂ ಚೆಂಡುಗಳನ್ನೂ ಅಂಗಿಯ ತುದಿಯಲ್ಲಿ ತುಂಬಿಕೊಂಡು ಹೊರಗೆ ಸುರಿದೆ. ತೋಳಿನಿಂದ ಕುಪ್ಪಿಯನ್ನು ಒರೆಸಿದೆ. ಒರೆಸಿದ್ದು ಒಂದು ವರ್ಷದ ಹಿಂದಿನ ಉಗುಳನ್ನು. ಅದು ಎಂದೋ ಬಿಸಿಲಿಗೆ ಆರಿತ್ತು, ಆದರೂ ಒರೆಸಿದೆ.

"ಚೇಮಾ," ಎಂದಳು ಅತ್ತೆ. "ಮೊಳೆ ಇದೆಯೇನೋ?"

ಏಣಿಯ ಮೆಟ್ಟಿಲಿನಿಂದ ಒಂದು ಸಡಿಲ ಮೊಳೆಯನ್ನು ಚೇಮಾ ಕಿತ್ತು ಕೊಟ್ಟ. ಅತ್ತೆ ಕುಲುಮೆಯಿಂದ ತಂದ ಕೆಂಪು ಕಲ್ಲನ್ನೇ ಸುತ್ತಿಗೆ ಮಾಡಿಕೊಂಡಳು.

"ಮೇಡಂ," ಎಂದ ಪ್ರೂಯಿಟ್. "ಮೇಡಂ, ದಯವಿಟ್ಟು. ಅದು ಐವತ್ತು ವರ್ಷಕ್ಕಿಂತ ಹಳೆಯದು. ಐತಿಹಾಸಿಕ ವಸ್ತುವಿಗೆ ಹಾನಿ ಮಾಡೋದು ಅಪರಾಧ."

"ಹಾನಿ ಅಲ್ಲ ಮಗು. ತಪ್ಪು ಬರೆದಿದ್ದೆ, ತಿದ್ತಿದೀನಿ."

"ನೀವು ಹೇಳೋದು ನಿಜವೇ ಇರಬಹುದು. ನಾನು ಮೇಲಿನವರಿಗೆ ಬರೀತೀನಿ. ಪರಿಶೀಲನೆ ಆಗುತ್ತೆ. ಆದ್ರೆ ಬರಹದ ದಾಖಲೆ ಬೇಕು. ನಿಮ್ಮ ಬಾಯಿಮಾತು..."

"ಎಷ್ಟು ದಿನ ಆಗುತ್ತೆ ಪರಿಶೀಲನೆ?" ಎಂದೆ ನಾನು.

"ಹದಿನೆಂಟು ತಿಂಗಳು."

"ಕಾರು ನಿಲ್ಲೋ ಜಾಗದ ಕೆಲ್ಸ?"

ಅವನು ಟೋಪಿ ಸರಿ ಮಾಡಿಕೊಂಡ. "ಏಪ್ರಿಲ್‌ನಲ್ಲಿ ಶುರು."

ಅತ್ತೆ ಹೊಡೆಯತೊಡಗಿದ್ದಳು. ಟಣ್. ಟಣ್. ಕೆಯ ಮೇಲೆ ಅಡ್ಡಗೆರೆಯಾಗಿ ಆರು ತೂತು. ಅದರ ಮೇಲ್ಗಡೆ, ತುಕ್ಕು ಕಡಿಮೆಯಿದ್ದ ಜಾಗದಲ್ಲಿ, ಸೊಟ್ಟಗೆ ಒಂದು ಕ್ಯೂ, ಒಂದು ಯು. ಕೈ ಸೋತು ನಿಲ್ಲಿಸಿದಾಗ ಚೇಮಾ ಕೈ ಚಾಚಿದ, ಕೊಡಲಿಲ್ಲ. ಕೆಳಗೆ ಬಸಿಲಿಯೊ ಅಂತ ಏಳು ಅಕ್ಷರ ತೂತು ಮಾಡುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಹಳದಿ ಅಂಗಿಯವಳು ಎಲ್ಲೋ ಹೋಗಿಬಿಟ್ಟಿದ್ದಳು. ಪ್ರೂಯಿಟ್ ಮೂರು ಸಲ "ಮೇಡಂ" ಅಂದ. ಎಪ್ಪತ್ತಾರು ವರ್ಷದ ಮುದುಕಿಯ ಕೈ ಹಿಡಿಯುವ ಧೈರ್ಯ ಅವನಿಗಿರಲಿಲ್ಲ, ಬಿಟ್ಟು ಹೋಗುವ ಮರ್ಯಾದೆಯೂ ಇರಲಿಲ್ಲ. ಕೊನೆಗೆ ನಮೂನೆಯ ಕಟ್ಟು ತೆಗೆದ.

"ನಾನು ದಂಡದ ಚೀಟಿ ಬರೀಲೇಬೇಕು. ಕ್ಷಮಿಸಿ."

"ಬರಿ ಬರಿ," ಎಂದಳು ಅತ್ತೆ, ಮಂಡಿಯ ಮಣ್ಣು ಕೊಡವುತ್ತ. "ಏನಂತ ಬರೀತೀಯ?"

"ಐತಿಹಾಸಿಕ ವಸ್ತುವಿಗೆ ಹಾನಿ."

"ಯಾವ ವಸ್ತು? ಅದಕ್ಕೊಂದು ಜಾಗ ಇದೆಯಲ್ಲ ಅದ್ರಲ್ಲಿ. ನೋಡು, ಉದ್ದ ಗೆರೆ."

ಪ್ರೂಯಿಟ್ ಗೆರೆಯನ್ನು ನೋಡಿದ. ಫಲಕವನ್ನು ನೋಡಿದ. ತಗಡನ್ನು ನೋಡಿದ.

"ನಾಯಿ ಗೋರಿ ಅಂತ ಬರಿ," ಎಂದೆ ನಾನು. "ನಾವು ನ್ಯಾಯಾಧೀಶರ ಮುಂದೆ ನಿಂತು, ಆ ನಾಯೀನ ಅಗೆದು ತೋರ್ಸಿ ಅಂತ ಕೇಳ್ತೀವಿ. ಮೂಳೆ ಎಣಿಸೋಕೆ ಬರೋ ಜನ ಇದ್ದಾರಲ್ಲ ನಿಮ್ಮಲ್ಲಿ. ಪೇಪರಿನವ್ರೂ ಬರ್ತಾರೆ. ಬರೆದವ್ರ ಹೆಸ್ರು ಕೆಳಗಡೆ ಇರುತ್ತೆ, ಪ್ರೂಯಿಟ್ ಅಂತ."

ಅವನ ಕತ್ತು ಕೆಂಪಾಯಿತು. ಆ ಮನುಷ್ಯನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಬೇಕಾದರೆ ಇಷ್ಟು ಹೇಳಬಹುದು: ಅವನು ನಾಯಿಯ ಕತೆಯನ್ನು ನಂಬಿದ್ದ, ಆ ಗಳಿಗೆಯಲ್ಲಿ ನಂಬುವುದನ್ನು ನಿಲ್ಲಿಸಿದ. ಧೈರ್ಯದಿಂದಲ್ಲ. ತಾನು ಸಹಿ ಹಾಕಿದ ಕಾಗದದಿಂದ ನಗೆಪಾಟಲಾಗುವ ಹೆದರಿಕೆಯಿಂದ. ಅವರ ಇಲಾಖೆಯಲ್ಲಿ ಸತ್ಯ ಅನ್ನುವುದು ಒಳಗೆ ಬರುವುದು ಆ ಬಾಗಿಲಿನಿಂದಲೇ.

"ಹಾಗಾದ್ರೆ ಏನು ಬರೀಲಿ?"

"ನಮ್ಮಪ್ಪನ ಗೋರಿಗೆ ಹಾನಿ ಮಾಡಿದ್ಲು ಅಂತ ಬರಿ. ಮಾಡಿರೋದು ನಿಜ. ಎರಡ್ಸಲ. ಆರು ವರ್ಷದವಳಿದ್ದಾಗೊಂದ್ಸಲ, ಈಗೊಂದ್ಸಲ. ಅಪ್ಪನ ಹೆಸ್ರು ಪೂರ್ತಿ ಬರಿ. ಜಾಗ ಯಾವ್ದು ಅಂತಾನೂ ಬರಿ, ನಿನ್ ಯಂತ್ರದಲ್ಲಿ ಅಂಕೆ ಬರುತ್ತಲ್ಲ, ಅದನ್ನೂ. ನೀವು ಕೇಳಿದ್ರಲ್ಲ ಬರಹದ ದಾಖಲೆ."

ಲಾಲೊ ಐಸ್ ಪೆಟ್ಟಿಗೆಯ ಹಗ್ಗ ಬಿಚ್ಚಿ, ಬಿಯರು ತೆಗೆದು ಚೇಮಾನಿಗೊಂದು ಕೊಟ್ಟ. ಇಬ್ಬರೂ ಕುಡಿಯಲಿಲ್ಲ. ಕೈಯಲ್ಲಿ ಹಿಡಿದು ನಿಂತಿದ್ದರು. ದೆಲ್ಫೀನಾ ಬೇಲಿಯಾಚೆ ಓಡಾಡುತ್ತ, ನೆಲದಲ್ಲಿ ಉದ್ದಕ್ಕೆ ತಗ್ಗಿದ ಜಾಗಗಳನ್ನು ಬೆರಳಲ್ಲಿ ತೋರಿಸುತ್ತ ತನ್ನಷ್ಟಕ್ಕೆ ಎಣಿಸುತ್ತಿದ್ದಳು. ಅಜ್ಜನೊಬ್ಬನನ್ನೇ ತಂದು ಈ ಬಯಲಿನ ನಡುವೆ ಯಾರು ಹೂಳುತ್ತಾರೆ? ಹನ್ನೆರಡಕ್ಕೆ ಬಂದು ಅವಳ ಎಣಿಕೆ ತಪ್ಪಿತು, ಮೊದಲಿನ ತಗ್ಗಿಗೆ ಹೋಗಿ ಮತ್ತೆ ಶುರು ಮಾಡಿದಳು.

ಪ್ರೂಯಿಟ್ ತಾರೀಕು ಬರೆದ. ಸಮಯ ಬರೆದ. ಯಂತ್ರ ನೋಡಿ ಜಾಗದ ಅಂಕೆ ಬರೆದ. ಉದ್ದ ಗೆರೆಯ ಮೇಲೆ 'ಬಸಿಲಿಯೊ' ಅಂತ ಬರೆದು, 'ಅವರ ಸಮಾಧಿ' ಅನ್ನುವುದಕ್ಕೆ ಜಾಗ ಬಿಟ್ಟು, ಪೆನ್ನು ಎತ್ತಿದ.

"ಮನೆತನದ ಹೆಸರು?"

"ದೂಕೆ."

"ಅಕ್ಷರ ಹೇಳ್ತೀರಾ ಮೇಡಂ?"

ಅತ್ತೆ ಬೇಲಿಯ ಕಂಬ ಹಿಡಿದುಕೊಂಡು ನೆಟ್ಟಗೆ ನಿಂತಳು, ಶಾಲೆಯಲ್ಲಿ ಹೆಸರು ಕೂಗಿದಾಗ ನಿಲ್ಲುವ ಹಾಗೆ.

"ಡಿ," ಎಂದಳು. "ಯು."

ಅವನ ಪೆನ್ನು ಮುಂದಿನ ಅಕ್ಷರವನ್ನು ತಾನೇ ಬರೆಯಲು ಹೊರಟಿತ್ತು. ಅವಳು ಬಗ್ಗಿ ತನ್ನ ಬೆರಳನ್ನು ಕಾಗದದ ಮೇಲಿಟ್ಟು ಅದನ್ನು ತಡೆದಳು.

"ನಿಲ್ಲು," ಎಂದಳು. "ನಾನು ಹೇಳ್ತೀನಿ."